ರಿಪೇರಿ ಮಾಡಿದ ಮೇಲೆ ನಡುಗತೊಡಗಿದ ಓಮ್ನಿ: ಒಂದು ಪ್ರಕರಣ ಅಧ್ಯಯನ

ವ್ಯಾನಿನ ಯಜಮಾನರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು ಇಲ್ಲಿ ಇಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಇಂಜಿನ್ನಿಗೆ ಸಂಬಂಧಿಸಿದ್ದನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಮನೆಯಲ್ಲೇ ಸ್ಪಾನರ್ ಹಿಡಿಯುವವರಿಗೂ, ಹೊಸದಾಗಿ ಗ್ಯಾರೇಜಿಗೆ ಸೇರಿದ ಹುಡುಗರಿಗೂ ಇದು ಉಪಯೋಗಕ್ಕೆ ಬರಲಿ ಅನ್ನುವುದು ನನ್ನ ಆಸೆ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಸಿ ನಿವೃತ್ತನಾದವನು ನಾನು. ಪಾಠ ಹೇಳುವ ಅಭ್ಯಾಸ ಹೋಗಿಲ್ಲ.

ಹಿನ್ನೆಲೆ

ಊರು ಮಲೆನಾಡಿನದು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಯಜಮಾನರದ್ದು ಗಿಡಗಳ ನರ್ಸರಿ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಹೂವಿನ ಗಿಡ ಎಲ್ಲವನ್ನೂ ವಾರಕ್ಕೆ ಎರಡು ಸಂತೆಗೆ ಒಯ್ಯುತ್ತಾರೆ. ಒಯ್ಯುವುದು 1997ರ ಮಾರುತಿ ಓಮ್ನಿಯಲ್ಲಿ. ಹಿಂದಿನ ಸೀಟು ತೆಗೆದು, ತಗಡು ಹಾಸಿ, ಅದರ ಮೇಲೆ ಸಸಿಯ ಟ್ರೇಗಳನ್ನು ಸಾಲಾಗಿ ಇಡುತ್ತಾರೆ.

ಈ ಗಾಡಿಯ ಬಗ್ಗೆ ಎರಡು ಮಾತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದದ್ದು 1988ರಲ್ಲಿ ಓಮ್ನಿ ಆಯಿತು. 2019ರವರೆಗೂ ತಯಾರಾಯಿತು. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಮಾರುತಿ 800 ಕಾರಿನಲ್ಲಿದ್ದದ್ದೇ. ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಇಂಜಿನ್ ಕಾಣುತ್ತದೆ. ಯಜಮಾನರ ಗಾಡಿ ಕಾರ್ಬೋರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ) ಇರುವ ಕಾಲದ್ದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ತಪ್ಪೇನು ಅಂತ ತೋರಿಸುವ ದೀಪವೂ ಇಲ್ಲ. ಹಾಗಾಗಿ ಸ್ವಲ್ಪ ಧೈರ್ಯ ಇರುವವರು ಮನೆಯಂಗಳದಲ್ಲೇ ಕೈ ಹಾಕಬಹುದು. ಅದು ಒಳ್ಳೆಯದೇ ಅಂತ ನಾನು ನಂಬುತ್ತೇನೆ.

ಮಾರ್ಚ್ ತಿಂಗಳ ಒಂದು ಭಾನುವಾರ ಯಜಮಾನರು ಕೈ ಹಾಕಿದರು. ಜೊತೆಗೆ ಅವರ ತಮ್ಮನ ಮಗ, ಪಿಯುಸಿ ಓದುವ ಹುಡುಗ. ಟೈಮಿಂಗ್ ಬೆಲ್ಟ್ (ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್‌ನಿಂದ, ವಾಲ್ವ್ ತೆರೆದು ಮುಚ್ಚುವ ಕ್ಯಾಮನ್ನು ತಿರುಗಿಸುವ ಹಲ್ಲಿನ ಬೆಲ್ಟ್) ಮೇಲೆ ಸಣ್ಣ ಬಿರುಕು ಕಂಡಿತ್ತು, ಅದನ್ನು ಬದಲಿಸಬೇಕು ಅನ್ನುವುದು ಮೊದಲ ಉದ್ದೇಶ. ಹೇಗೂ ಸೀಟು ಎತ್ತಿದ್ದೇವಲ್ಲ ಅಂತ ಕಾರ್ಬೋರೇಟರ್ ಬಿಚ್ಚಿ ತೊಳೆದರು. ಪ್ಲಗ್ ಹೊಸದು ಹಾಕಿದರು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮತ್ತು ರೋಟರ್ ಬದಲಿಸಿದರು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ ಸಂಜೆ ಆರಕ್ಕೆ ಮುಗಿಯಿತು.

ಶನಿವಾರ ಸಂಜೆಯವರೆಗೂ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ತೊಂದರೆ

ಭಾನುವಾರ ರಾತ್ರಿ ಸ್ಟಾರ್ಟ್ ಮಾಡಿದಾಗ ಇಂಜಿನ್ ಗಡಗಡ ನಡುಗಿತು. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಆಫ್ ಆಗುತ್ತಿತ್ತು. ಓಡಿಸಿದರೆ ಪಿಕಪ್ ಇಲ್ಲ. ಆಗಾಗ ಕಾರ್ಬೋರೇಟರ್ ಬಾಯಿಯಿಂದ "ಟಪ್" ಅಂತ ಸದ್ದು. ಸೋಮವಾರದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಏರು ಇದೆ. ಅದನ್ನು ಯಾವತ್ತೂ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಅವತ್ತು ಒಂದನೇ ಗೇರಿಗೆ ಇಳಿಯಿತು.

ಮುಂದಿನ ಮೂರು ವಾರ ನಡೆದದ್ದು ನಮ್ಮಲ್ಲಿ ಎಲ್ಲ ಕಡೆ ನಡೆಯುವಂಥದ್ದೇ.

ಮೊದಲು ಯಜಮಾನರು ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸಿ ಇಂಜಿನ್ ಆಫ್ ಆಗದ ಹಾಗೆ ಮಾಡಿಕೊಂಡರು. ಆಮೇಲೆ ಪ್ಲಗ್ ವೈರ್ ಸೆಟ್ ಹೊಸದು ತಂದರು. ಕಾಯಿಲ್ ಬದಲಿಸಿದರು. ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಏನೂ ಆಗಲಿಲ್ಲ. ಪಕ್ಕದ ಪಟ್ಟಣದ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಟೈಮಿಂಗ್ ಲೈಟ್ ಹಾಕಿ ನೋಡಿ, ಇಗ್ನಿಷನ್ ಟೈಮಿಂಗ್ ಬಹಳ ಹಿಂದಿದೆ (ಪ್ಲಗ್ಗಿನ ಕಿಡಿ ತಡವಾಗಿ ಬರುತ್ತಿದೆ) ಅಂತ ಡಿಸ್ಟ್ರಿಬ್ಯೂಟರ್ ತಿರುಗಿಸಿ ಗುರುತಿಗೆ ತಂದರು. ಸ್ವಲ್ಪ ಸುಧಾರಿಸಿತು. ಪೂರ್ತಿ ಸರಿಹೋಗಲಿಲ್ಲ.

ಅಷ್ಟರಲ್ಲಿ ಎಮಿಷನ್ ಟೆಸ್ಟಿನ ಅವಧಿ ಮುಗಿದಿತ್ತು. ಅದರಲ್ಲೂ ಫೇಲ್. ಹೈಡ್ರೋಕಾರ್ಬನ್ ಜಾಸ್ತಿ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಕಡಿಮೆ. ಆ ಚೀಟಿಯನ್ನು ಯಾರೂ ಓದಲಿಲ್ಲ. ಫೇಲ್ ಅನ್ನುವ ಅಕ್ಷರ ಮಾತ್ರ ನೋಡಿದರು. "ಪೆಟ್ರೋಲ್ ಸಾಲ್ತಿಲ್ಲ" ಅಂತ ಯಾರೋ ಅಂದದ್ದಕ್ಕೆ ಮಿಕ್ಸ್ಚರ್ ಸ್ಕ್ರೂ ಎರಡು ಸುತ್ತು ಹೊರಗೆ ತಿರುಗಿಸಿದರು.

ಎಥನಾಲ್ ಬೆರೆತ ಪೆಟ್ರೋಲಿನಿಂದಲೇ ಹೀಗಾಗಿದೆ ಅಂತ ಸಂತೆಯಲ್ಲಿ ಸಲಹೆ ಕೊಟ್ಟವರೂ ಇದ್ದರು. ಆ ಮಾತಿನಲ್ಲಿ ಒಂದಿಷ್ಟು ನಿಜ ಇದೆ. 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲಿನಲ್ಲಿ ಆಮ್ಲಜನಕದ ಅಂಶ ಇರುತ್ತದೆ. ಕಾರ್ಬೋರೇಟರ್‌ಗೆ ತನ್ನಷ್ಟಕ್ಕೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪುಗಳಿಗೂ ಅದು ಒಳ್ಳೆಯದಲ್ಲ. ಆದರೆ ಅದೇ ಬಂಕಿನ ಅದೇ ಪೆಟ್ರೋಲಿನಲ್ಲಿ ಶನಿವಾರದವರೆಗೆ ಗಾಡಿ ಚೆನ್ನಾಗಿ ಓಡಿತ್ತಲ್ಲ. ಭಾನುವಾರ ಬದಲಾದದ್ದು ಪೆಟ್ರೋಲ್ ಅಲ್ಲ.

ಎರಡನೆಯ ಗ್ಯಾರೇಜಿನಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನೊಳಗೆ ಆಗುವ ಒತ್ತಡ, ನೋಡಿದರು. ಮೂರೂ ಸಿಲಿಂಡರಿನಲ್ಲಿ ಕಡಿಮೆ ಬಂತು. "ರಿಂಗ್ ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು, ನಲವತ್ತು ಸಾವಿರ ಆಗುತ್ತೆ" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಸಂದು ಮುಚ್ಚುವ ಬಳೆ. ಇಪ್ಪತ್ತೆಂಟು ವರ್ಷದ ಗಾಡಿಗೆ ಅಷ್ಟು ಹಾಕುವುದಾ? ಯಜಮಾನರು ಗುಜರಿಯವರಿಗೆ ಫೋನ್ ಮಾಡಿದರು. ಅವರು ಬಂದು ನೋಡಿಕೊಂಡೂ ಹೋದರು. ಅದೇ ಸಂಜೆ ಹುಡುಗ ನನ್ನ ಮನೆಗೆ ಬಂದ.

"ಮೇಷ್ಟ್ರೇ, ದೊಡ್ಡಪ್ಪ ಗಾಡಿ ಕೊಟ್ಬಿಡ್ತಾರೆ. ನಾನೇ ಬೆಲ್ಟ್ ಹಾಕಿದ್ದು. ಒಂದ್ಸಲ ಬಂದು ನೋಡ್ತೀರಾ?"

ಆ "ನಾನೇ ಹಾಕಿದ್ದು" ಅನ್ನುವ ಮಾತಿನಲ್ಲಿ ಅವನ ಸಂಕಟ ಎಲ್ಲ ಇತ್ತು. ಮರುದಿನ ಬೆಳಿಗ್ಗೆಯೇ ಹೋದೆ.

ಮೊದಲ ಗಂಟೆ

ಸ್ಪಾನರ್ ಮುಟ್ಟಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿ, ಆ ಭಾನುವಾರದಿಂದ ಇವತ್ತಿನವರೆಗೆ ಯಾವ್ಯಾವುದನ್ನು ಮುಟ್ಟಿದ್ದೀರಿ ಅಂತ ಬರೆಯಲು ಹೇಳಿದೆ. ಬಿಚ್ಚಿದ್ದು, ಬದಲಿಸಿದ್ದು, ಸುಮ್ನೆ ತಿರುಗಿಸಿ ನೋಡಿದ್ದು, ಎಲ್ಲ. ಹದಿಮೂರು ಸಾಲು ಆಯಿತು. ಬರೆಯುವಾಗ ಯಜಮಾನರಿಗೇ ಆಶ್ಚರ್ಯ. ಅವರ ನೆನಪಿನಲ್ಲಿ ಇದ್ದದ್ದು ನಾಲ್ಕು ಮಾತ್ರ.

ಈ ಹಾಳೆ ಇಲ್ಲದಿದ್ದರೆ ನಾನೂ ರಿಂಗ್ ಅಂತಲೇ ಅಂದುಕೊಳ್ಳುತ್ತಿದ್ದೆನೋ ಏನೋ. ರಿಂಗ್ ಸವೆಯುವುದಕ್ಕೆ ವರ್ಷಗಳು ಬೇಕು. ಶನಿವಾರ ಇದ್ದ ರಿಂಗ್ ಭಾನುವಾರ ರಾತ್ರಿ ಹೋಗುವುದಿಲ್ಲ. ಹಾಳೆಯಲ್ಲಿ ಇರುವ ಹದಿಮೂರರಲ್ಲೇ ಉತ್ತರ ಇದೆ ಅಂತ ತೀರ್ಮಾನ ಮಾಡಿಕೊಂಡೆ.

ಆಮೇಲೆ ಸೀಟು ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿಸಿ, ಕಿವಿ ಕೊಟ್ಟು ನಿಂತೆ. ಒಂದು ಸಿಲಿಂಡರ್ ಸತ್ತಿದ್ದರೆ ಮಿಸ್ಸಿಂಗ್‌ಗೆ ಒಂದು ಲಯ ಇರುತ್ತದೆ. ಎರಡು ಬಡಿತ, ಒಂದು ಖಾಲಿ, ಎರಡು ಬಡಿತ, ಒಂದು ಖಾಲಿ. ಇಲ್ಲಿ ಲಯ ಇರಲಿಲ್ಲ. ಒಂದೊಂದೇ ಪ್ಲಗ್ ವೈರ್ ತೆಗೆದು ನೋಡಿದೆವು. ಪ್ರತಿ ಸಲವೂ ಇಂಜಿನ್ ಆಫ್ ಮಾಡಿ, ತೆಗೆದ ವೈರನ್ನು ಒಂದು ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಅದನ್ನು ಬಾಡಿಗೆ ತಾಗಿಸಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆವು. ಓಡುತ್ತಿರುವ ಇಂಜಿನ್ನಿನಿಂದ ಕೈಯಲ್ಲಿ ವೈರ್ ಕೀಳುವುದನ್ನು ನಾನು ಯಾವ ವಿದ್ಯಾರ್ಥಿಗೂ ಕಲಿಸಿಲ್ಲ.

ಮೂರರಲ್ಲಿ ಯಾವುದನ್ನು ತೆಗೆದರೂ ಇಂಜಿನ್ ಒಂದೇ ರೀತಿ ಕುಗ್ಗಿತು. ಅಂದರೆ ಮೂರೂ ಕೆಲಸ ಮಾಡುತ್ತಿವೆ, ಮೂರೂ ಅರೆಬರೆ. ಈ ಒಂದು ಪರೀಕ್ಷೆಯಿಂದ ಹಾಳೆಯ ಐದು ಸಾಲು ಹೊಡೆದುಹಾಕಿದೆ. ಪ್ಲಗ್ಗೋ ಪ್ಲಗ್ ವೈರೋ ಕೆಟ್ಟಿದ್ದರೆ ಒಂದೇ ಸಿಲಿಂಡರ್ ಕೆಡುತ್ತಿತ್ತು. ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ, ಅಂದರೆ ಫೈರಿಂಗ್ ಆರ್ಡರ್ 1-3-2 ಕೂಡ ಸರಿಯಾಗಿಯೇ ಇತ್ತು. ತಪ್ಪು ಮೂರಕ್ಕೂ ಸೇರಿದ ಜಾಗದಲ್ಲಿದೆ. ಒಳಗೆ ಬರುವ ಗಾಳಿ-ಪೆಟ್ರೋಲಿನಲ್ಲಿ, ಇಲ್ಲವೇ ಟೈಮಿಂಗ್‌ನಲ್ಲಿ.

ಮೊದಲ ತಪ್ಪು ಸಿಕ್ಕಿತು

ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಗಾಳಿ-ಪೆಟ್ರೋಲ್ ಒಳಗೆ ಹೋಗುವ ಕೊಳವೆಗೆ, ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದೆ. ಈ ಗೇಜ್ ಈಗ ಗ್ಯಾರೇಜುಗಳಲ್ಲಿ ಕಾಣುವುದೇ ಕಡಿಮೆ, ಹಳೆಯ ಇಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಸ್ಟೆತಸ್ಕೋಪ್ ಇಲ್ಲ. ಸರಿಯಾಗಿರುವ ಇಂಜಿನ್ ಐಡ್ಲಿಂಗ್‌ನಲ್ಲಿ ಸಮುದ್ರಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಈ ಊರಿನಲ್ಲಿ 15ರಿಂದ 19 ಬಂದರೆ ಸರಿ. ನಮಗೆ ಬಂದದ್ದು 10. ಮುಳ್ಳು ಸ್ವಲ್ಪ ಅಲುಗುತ್ತಿತ್ತು.

ಎಮಿಷನ್ ಚೀಟಿ ನೆನಪಾಯಿತು. ಹೈಡ್ರೋಕಾರ್ಬನ್ ಜಾಸ್ತಿ ಅಂದರೆ ಪೆಟ್ರೋಲ್ ಉರಿಯದೆ ಹೊರಗೆ ಹೋಗುತ್ತಿದೆ. ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕಡಿಮೆ ಇದೆ ಅಂದರೆ ಪೆಟ್ರೋಲ್ ಜಾಸ್ತಿಯಾಗಿ ಹೀಗಾಗಿಲ್ಲ, ಗಾಳಿ ಜಾಸ್ತಿಯಾಗಿ ಬೆಂಕಿ ಹತ್ತುತ್ತಿಲ್ಲ. ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ. ಎಮಿಷನ್ ಚೀಟಿಯನ್ನು ಪಾಸು-ಫೇಲು ನೋಡಿ ಬಿಸಾಡಬೇಡಿ. ನೂರಿನ್ನೂರು ರೂಪಾಯಿಗೆ ಸಿಗುವ ಒಳ್ಳೆಯ ರಿಪೋರ್ಟ್ ಅದು.

ಕಳ್ಳಗಾಳಿ ಹುಡುಕಲು ಕೆಲವರು ಪೆಟ್ರೋಲನ್ನೋ ಕಾರ್ಬೋರೇಟರ್ ಕ್ಲೀನರ್ ಸ್ಪ್ರೇಯನ್ನೋ ಹೊಡೆಯುತ್ತಾರೆ. ಓಮ್ನಿಯಲ್ಲಿ ಇಂಜಿನ್ ಇರುವುದು ಕುಳಿತುಕೊಳ್ಳುವ ಜಾಗದ ಕೆಳಗೆ. ಅಲ್ಲಿ ಬೆಂಕಿ ಹತ್ತಿದರೆ ಮುಗಿಯಿತು. ನರ್ಸರಿಯಲ್ಲಿ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಇತ್ತಲ್ಲ, ಅದನ್ನೇ ತರಿಸಿದೆ. ಹುಡುಗನ ಕೈಗೆ ಕೊಟ್ಟು, ವೈರುಗಳ ಮೇಲೆ ಬೀಳದ ಹಾಗೆ, ಕಾರ್ಬೋರೇಟರಿನ ಬುಡದ ಸುತ್ತ ಸ್ವಲ್ಪ ಸ್ವಲ್ಪವೇ ಹಾಕಲು ಹೇಳಿದೆ. ಮೂರು ಬದಿ ಏನೂ ಆಗಲಿಲ್ಲ. ನಾಲ್ಕನೇ ಬದಿಗೆ ನೀರು ಬಿದ್ದ ಕೂಡಲೇ "ಸರ್ರ್" ಅಂತ ಒಳಗೆ ಎಳೆದುಕೊಂಡಿತು. ಇಂಜಿನ್ ಸದ್ದು ಒಂದು ಕ್ಷಣ ಬದಲಾಯಿತು. ಹುಡುಗ ನನ್ನ ಮುಖ ನೋಡಿದ. ಇನ್ನೊಂದು ಸಲ ಹಾಕಿದ. ಮತ್ತೆ ಅದೇ.

ಕಾರ್ಬೋರೇಟರ್ ಇಳಿಸಿ ನೋಡಿದರೆ, ತೊಳೆದು ವಾಪಸ್ ಕೂರಿಸುವಾಗ ಬುಡದ ಸಂದು ಮುಚ್ಚುವ ಹಳೆಯ ಪ್ಯಾಕಿಂಗನ್ನೇ ಹಾಕಿದ್ದರು. ಅದರ ಒಂದು ಮೂಲೆ ಹರಿದು ಮಡಚಿಕೊಂಡಿತ್ತು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪಿನ ತುದಿಯೂ ಸೀಳಿತ್ತು. ಎಳೆದು ತೆಗೆದಾಗ ಸೀಳಿರಬೇಕು. ಆಕ್ಸಿಲರೇಟರ್ ಒತ್ತಿದಾಗ ಟೈಮಿಂಗ್ ಮುಂದೆ ಹೋಗಲು ಆ ಪೈಪ್ ಬೇಕು. ಪಿಕಪ್ ಇಲ್ಲದ್ದಕ್ಕೆ ಅದೂ ಒಂದು ಕಾರಣ.

ಹೊಸ ಪ್ಯಾಕಿಂಗ್, ಹೊಸ ಪೈಪ್ ಹಾಕಿದೆವು. ಸ್ಟಾರ್ಟ್ ಮಾಡಿದರೆ ಇಂಜಿನ್ ಜೋರಾಗಿ ಕಿರುಚಿತು. ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ, ಸ್ವಲ್ಪ ಕಪ್ಪು ಹೊಗೆ. ಹುಡುಗ ಹೆದರಿಬಿಟ್ಟ. "ಇನ್ನೂ ಜಾಸ್ತಿ ಹಾಳಾಯ್ತಾ ಮೇಷ್ಟ್ರೇ?"

ಹಾಳಾಗಿರಲಿಲ್ಲ. ಕಳ್ಳಗಾಳಿ ಇದ್ದಾಗ ಇಂಜಿನ್ ಆಫ್ ಆಗದಿರಲಿ ಅಂತ ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸಿದ್ದರು, ಪೆಟ್ರೋಲ್ ಸಾಲಲಿ ಅಂತ ಮಿಕ್ಸ್ಚರ್ ಸ್ಕ್ರೂ ಹೊರಗೆ ತಿರುಗಿಸಿದ್ದರು. ಈಗ ಗಾಳಿ ನಿಂತಿತು. ಆ ಎರಡು ಸ್ಕ್ರೂಗಳು ಮಾತ್ರ ಹಾಗೇ ಇದ್ದವು. ಎರಡನ್ನೂ ಮೊದಲಿನ ಜಾಗಕ್ಕೆ ತಂದ ಮೇಲೆ ಇಂಜಿನ್ ಸಮಾಧಾನವಾಯಿತು. ಈ ಜಾಗದಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಸರಿಯಾದ ಕೆಲಸ ಮಾಡಿರುತ್ತಾರೆ, ಇಂಜಿನ್ ಕಿರುಚಿತು ಅಂತ ಅದನ್ನೇ ವಾಪಸ್ ಬಿಚ್ಚುತ್ತಾರೆ.

ಸಾಕು ಅನ್ನಿಸಿದ ಹೊತ್ತು

ನಡುಕ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಐಡ್ಲಿಂಗ್ ಸ್ಥಿರವಾಗಿ ನಿಂತಿತ್ತು. ಯಜಮಾನರ ಮುಖದಲ್ಲಿ ಮೂರು ವಾರದ ಮೇಲೆ ನಗು.

"ಸಾಕು ಮೇಷ್ಟ್ರೇ, ಇಷ್ಟಾದ್ರೆ ಸಂತೆಗೆ ಹೋಗಿ ಬರ್ಬೋದು. ಊಟಕ್ಕೆ ಏಳಿ."

ಈ ಪ್ರಕರಣದಲ್ಲಿ ನಿಜವಾದ ತಿರುವು ಅಂದರೆ ಇದೇ ಅಂತ ನನಗೆ ಅನ್ನಿಸುತ್ತದೆ. ಒಂದು ತಪ್ಪು ಸಿಕ್ಕಿದೆ, ಅದಕ್ಕೆ ಕಾರಣವೂ ಸಿಕ್ಕಿದೆ, ಗಾಡಿ ಸುಧಾರಿಸಿದೆ. ಇಲ್ಲಿಗೆ ನಿಲ್ಲಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ನನಗೂ ಹಸಿವಾಗಿತ್ತು. ಆದರೆ ಗೇಜಿನ ಮುಳ್ಳು 13ರಲ್ಲಿ ನಿಂತಿತ್ತು. ಅಲುಗಾಟ ಇಲ್ಲ, ಗಟ್ಟಿಯಾಗಿ 13. ಇನ್ನೂ ಎರಡು ಇಂಚಾದರೂ ಬರಬೇಕಿತ್ತು. ಮನೆಯ ಹಿಂದಿನ ಏರಿನಲ್ಲಿ ಓಡಿಸಿದಾಗ ಗಾಡಿ ಎಳೆಯಲೇ ಇಲ್ಲ.

ಊಟ ಮಾಡಿ ಬಂದು ಮುಂದುವರಿಸಿದೆವು.

ಮುಳ್ಳು ಅಲುಗದೆ ಕೆಳಗೆ ನಿಂತರೆ ಮೂರು ಅನುಮಾನ. ಇನ್ನೂ ಎಲ್ಲೋ ಗಾಳಿ, ಇಗ್ನಿಷನ್ ಟೈಮಿಂಗ್ ಹಿಂದಿರುವುದು, ಇಲ್ಲವೇ ವಾಲ್ವ್ ಟೈಮಿಂಗ್ ಹಿಂದಿರುವುದು. ನೀರಿನ ಬಾಟಲಿ ಮತ್ತೆ ಎಲ್ಲ ಕಡೆ ಆಡಿಸಿದೆವು, ಗಾಳಿ ಇಲ್ಲ. ಟೈಮಿಂಗ್ ಲೈಟ್ ಹಾಕಿದೆ. ಇಗ್ನಿಷನ್ ಗುರುತಿನ ಮೇಲೆ ಸರಿಯಾಗಿ ಕೂತಿದೆ. ಗ್ಯಾರೇಜಿನವರು ಆ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದರು.

ಕಂಪ್ರೆಷನ್ ನಾನೇ ಮತ್ತೆ ನೋಡಿದೆ. ಇಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಬಿಚ್ಚಿರಬೇಕು, ಬ್ಯಾಟರಿ ಚೆನ್ನಾಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಬಂದದ್ದು 120, 115, 120 ಪಿಎಸ್‌ಐ. ಪ್ರತಿ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕು. ಮುಳ್ಳು ಏರಿದ್ದು ನಾಲ್ಕೈದು ಮಾತ್ರ. ರಿಂಗ್ ಅಲ್ಲ. ಹಾಗಾದರೆ ವಾಲ್ವ್ ಸೋರುತ್ತಿವೆಯಾ? ಮೂರು ಸಿಲಿಂಡರಿನಲ್ಲೂ ಒಂದೇ ಪ್ರಮಾಣದಲ್ಲಿ, ಒಂದೇ ರಾತ್ರಿಯಲ್ಲಿ? ಟ್ಯಾಪೆಟ್ ಕವರ್ ತೆಗೆದು ಫೀಲರ್ ಗೇಜ್ ಹಾಕಿದೆ. ಆರೂ ವಾಲ್ವಿಗೆ ಸಂದು ಇತ್ತು, ಅಂದರೆ ಯಾವ ವಾಲ್ವನ್ನೂ ಟ್ಯಾಪೆಟ್ ಅರೆತೆರೆದು ಹಿಡಿದಿರಲಿಲ್ಲ.

ಉಳಿದದ್ದು ವಾಲ್ವ್ ಟೈಮಿಂಗ್. ಬೆಲ್ಟ್ ಒಂದು ಹಲ್ಲು ಹಿಂದೆ ಕೂತಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಾಗ ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ಆಗ ಮೂರೂ ಸಿಲಿಂಡರಿನಲ್ಲಿ ಒಂದೇ ಸಮ ಕಂಪ್ರೆಷನ್ ಕಡಿಮೆ. ಎಲ್ಲ ಹೊಂದುತ್ತದೆ, ಒಂದನ್ನು ಬಿಟ್ಟು. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟಿನಿಂದಲೇ. ಕ್ಯಾಮ್ ಹಿಂದೆ ಇದ್ದರೆ ಇಗ್ನಿಷನ್ ಕೂಡ ಅಷ್ಟೇ ಹಿಂದೆ ಇರಬೇಕು. ಆದರೆ ಲೈಟ್ ಹೇಳುತ್ತಿದೆ, ಇಗ್ನಿಷನ್ ಸರಿ ಇದೆ ಅಂತ. ಅರ್ಧ ಗಂಟೆ ನಾನೂ ಆ ಲೈಟನ್ನೇ ನಂಬಿಕೊಂಡು ಬೇರೆ ದಾರಿ ಹುಡುಕುತ್ತಿದ್ದೆ.

ಜಿಡ್ಡಿನಲ್ಲಿದ್ದ ಗುರುತು

ಚಹಾ ಬಂತು. ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಇಂಜಿನ್ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲು ಡಿಸ್ಟ್ರಿಬ್ಯೂಟರಿನ ಮೇಲೆ ಬಿದ್ದಿತ್ತು.

ಡಿಸ್ಟ್ರಿಬ್ಯೂಟರನ್ನು ಹಿಡಿದಿಡುವ ಬೋಲ್ಟ್ ಒಂದು ಉದ್ದನೆಯ ಸೀಳಿನಲ್ಲಿ ಕೂತಿರುತ್ತದೆ. ತಿರುಗಿಸಿ ಟೈಮಿಂಗ್ ಹೊಂದಿಸಲಿ ಅಂತ ಆ ಸೀಳು. ಬೋಲ್ಟ್ ಸೀಳಿನ ಒಂದು ತುದಿಗೆ ಹೋಗಿ ಅಂಟಿಕೊಂಡಿತ್ತು. ಇನ್ನು ಆ ಕಡೆ ಜಾಗವೇ ಇರಲಿಲ್ಲ. ಸೀಳಿನ ಸುತ್ತ ಇಪ್ಪತ್ತೆಂಟು ವರ್ಷದ ಜಿಡ್ಡು, ಧೂಳು ಸೇರಿ ಕಪ್ಪಗೆ ಗಟ್ಟಿಯಾಗಿತ್ತು. ಆ ಕಪ್ಪಿನ ನಡುವೆ, ಸೀಳಿನ ಮಧ್ಯಭಾಗದಲ್ಲಿ, ಅರ್ಧ ಉಂಗುರದ ಹಾಗೆ ಬೆಳ್ಳಗೆ ಹೊಳೆಯುವ ಒಂದು ಗುರುತು. ವಾಷರ್ ಕೂತಿದ್ದ ಜಾಗ. ಅಷ್ಟು ವರ್ಷ ಬೋಲ್ಟ್ ಇದ್ದದ್ದು ಅಲ್ಲಿ.

ಹುಡುಗನನ್ನು ಕರೆದು ತೋರಿಸಿದೆ. "ಇದು ಮೊದಲು ಎಲ್ಲಿತ್ತು, ಈಗ ಎಲ್ಲಿದೆ ನೋಡು."

ಅವನು ಬೆರಳಿಟ್ಟು ಅಳೆದ. ಒಂದು ನಿಮಿಷ ಸುಮ್ಮನಿದ್ದ. "ಇಷ್ಟೊಂದು ಯಾಕೆ ತಿರುಗಿಸ್ಬೇಕಾಯ್ತು?"

ಮೂರು ವಾರದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅವನು ಕೇಳಿದ. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ನಡೆದದ್ದು ಇಷ್ಟು. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿತು. ಕ್ಯಾಮ್ ಹಿಂದಾಯಿತು, ಅದರ ಜೊತೆ ಇಗ್ನಿಷನ್ ಕೂಡ ಹಿಂದಾಯಿತು. ಗ್ಯಾರೇಜಿನಲ್ಲಿ ಇಗ್ನಿಷನ್ ಹಿಂದಿರುವುದು ಕಂಡಿತು. ಡಿಸ್ಟ್ರಿಬ್ಯೂಟರ್ ತಿರುಗಿಸಿ ಅದನ್ನು ಸರಿ ಮಾಡಿದರು. ಕ್ಯಾಮ್ ಮಾತ್ರ ಹಿಂದೆಯೇ ಉಳಿಯಿತು. ಆಮೇಲೆ ಯಾರು ಲೈಟ್ ಹಾಕಿದರೂ "ಟೈಮಿಂಗ್ ಸರಿ ಇದೆ" ಅಂತಲೇ ಕಾಣುತ್ತಿತ್ತು. ಬೆಲ್ಟ್ ತಪ್ಪಿದೆ ಅಂತ ಹೇಳಬಹುದಾಗಿದ್ದ ಒಂದೇ ಒಂದು ಸಾಕ್ಷಿ ಅಳಿಸಿಹೋಯಿತು. ಕಾರ್ಬೋರೇಟರಿನಲ್ಲೂ ಇದೇ ಆಗಿತ್ತು. ಗಾಳಿ ಸೋರುವುದನ್ನು ಸ್ಕ್ರೂ ಮುಚ್ಚಿಟ್ಟಿತ್ತು. ಎರಡು ತಪ್ಪು, ಎರಡರ ಮೇಲೂ ಒಂದೊಂದು ಹೊಂದಾಣಿಕೆಯ ಮುಸುಕು.

ಬೆಲ್ಟ್

ಕವರ್ ತೆಗೆದು ಕ್ರ್ಯಾಂಕಿನ ಗುರುತಿಗೆ ತಂದು ನೋಡಿದೆವು. ಕ್ಯಾಮ್ ಪುಲ್ಲಿಯ ಗುರುತು ಸರಿಯಾಗಿ ಒಂದು ಹಲ್ಲು ಹಿಂದೆ ಇತ್ತು.

ಹೇಗೆ ತಪ್ಪಿತು ಅಂತ ಹುಡುಗನಿಂದಲೇ ಮತ್ತೆ ಬೆಲ್ಟ್ ಹಾಕಿಸಿ ನೋಡಿದೆ. ಗುರುತು ಎರಡನ್ನೂ ಅವನು ಸರಿಯಾಗಿಯೇ ಹೊಂದಿಸಿದ. ಬೆಲ್ಟ್ ಏರಿಸುವಾಗ ಸಡಿಲವನ್ನು ಎಳೆಯುವ ಬದಿಯಲ್ಲಿ ಬಿಟ್ಟ. ಬೆಲ್ಟನ್ನು ಬಿಗಿ ಮಾಡುವ ಟೆನ್ಷನರ್ ಇರುವುದು ಇನ್ನೊಂದು ಬದಿಯಲ್ಲಿ. ಕ್ರ್ಯಾಂಕ್ ತಿರುಗಿದಾಗ ಮೊದಲು ಆ ಸಡಿಲ ಬಿಗಿಯಾಗುತ್ತದೆ, ಆಮೇಲೆಯೇ ಕ್ಯಾಮ್ ತಿರುಗುತ್ತದೆ. ಅಷ್ಟರಲ್ಲಿ ಒಂದು ಹಲ್ಲು ಹೋಯಿತು. ಗುರುತು ಹೊಂದಿಸಿದ ಕ್ಷಣದಲ್ಲಿ ಎಲ್ಲ ಸರಿ ಕಾಣುತ್ತದೆ, ಕವರ್ ಮುಚ್ಚಿಬಿಡುತ್ತಾರೆ. ಎಳೆಯುವ ಬದಿಯನ್ನು ಮೊದಲು ಬಿಗಿಯಾಗಿ ಕೂರಿಸಿ, ಸಡಿಲವನ್ನೆಲ್ಲ ಟೆನ್ಷನರ್ ಕಡೆಗೆ ತರಬೇಕು. ಟೆನ್ಷನರ್ ಬಿಗಿ ಮಾಡುವ ಮುಂಚೆ ಮತ್ತು ಮಾಡಿದ ಮೇಲೆ ಸ್ಪಾನರಿನಿಂದ ಕ್ರ್ಯಾಂಕನ್ನು ಇಂಜಿನ್ ಓಡುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ಕೈಯಲ್ಲಿ ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. ಆಗ ಎರಡೂ ಗುರುತು ಮತ್ತೆ ಎದುರಾದರೆ ಮಾತ್ರ ಕವರ್ ಮುಚ್ಚಬಹುದು. ಎಲ್ಲಾದರೂ ಗಟ್ಟಿಯಾಗಿ ತಡೆದ ಹಾಗಾದರೆ ಬಲ ಹಾಕದೆ ನಿಲ್ಲಿಸಬೇಕು. ಆ ಭಾನುವಾರ ಸಂಜೆ ಕತ್ತಲಾಗುತ್ತಿತ್ತು, ಈ ಎರಡು ಸುತ್ತು ಬಿಟ್ಟುಹೋಯಿತು.

ಸ್ಟಾರ್ಟ್ ಮಾಡುವ ಮುಂಚೆ ಡಿಸ್ಟ್ರಿಬ್ಯೂಟರನ್ನು ವಾಪಸ್ ತಿರುಗಿಸಿ, ಬೋಲ್ಟನ್ನು ಆ ಬಿಳಿ ಉಂಗುರದ ಮೇಲೆ ಕೂರಿಸಿದೆವು. ಇದನ್ನು ಮರೆತಿದ್ದರೆ ಇಗ್ನಿಷನ್ ಈಗ ಅಷ್ಟೇ ಮುಂದೆ ಹೋಗಿ, ಇಂಜಿನ್ ಕಟಕಟ ಬಡಿದುಕೊಂಡು ಹೊಸ ತೊಂದರೆ ಶುರುವಾಗುತ್ತಿತ್ತು. ಲೈಟ್ ಹಾಕಿದಾಗ ಗುರುತು ಕೂದಲೆಳೆಯಷ್ಟು ಆಚೀಚೆ. ಒಂಚೂರು ಹೊಂದಿಸಿದರೆ ಸಾಕಾಯಿತು.

ಕಂಪ್ರೆಷನ್ 150, 150, 145. ವ್ಯಾಕ್ಯೂಮ್ 17, ಮುಳ್ಳು ಅಲುಗಲಿಲ್ಲ. ಐಡ್ಲಿಂಗ್‌ನಲ್ಲಿ ಸೀಟಿನ ಮೇಲೆ ಚಹಾದ ಲೋಟ ಇಟ್ಟರೆ ಅಂಚಿನಲ್ಲಿ ಸಣ್ಣ ಅಲೆ ಮಾತ್ರ. ಮೂರು ಸಿಲಿಂಡರ್ ಇಂಜಿನ್ನಿಗೆ ಅಷ್ಟು ನಡುಕ ಹುಟ್ಟುಗುಣ. ಮನೆಯ ಹಿಂದಿನ ಏರನ್ನು ಯಜಮಾನರು ತಾವೇ ಓಡಿಸಿ ಹತ್ತಿದರು, ಮೂರನೇ ಗೇರಿನಲ್ಲಿ. ವಾಪಸ್ ಬಂದವರು ಗಾಡಿಯಿಂದ ಇಳಿಯದೆ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದರು. ಎಮಿಷನ್ ಮರುದಿನವೇ ಪಾಸಾಯಿತು.

ಆ ದಿನ ಖರ್ಚಾದದ್ದು ಒಂದು ಪ್ಯಾಕಿಂಗ್, ಒಂದು ಗೇಣು ರಬ್ಬರ್ ಪೈಪ್. ಅದಕ್ಕಿಂತ ಮುಂಚೆ ಮೂರು ವಾರದಲ್ಲಿ ಬದಲಿಸಿದ ಕಾಯಿಲ್, ವೈರ್ ಸೆಟ್, ಫಿಲ್ಟರ್ ಯಾವುದೂ ಕೆಟ್ಟಿರಲಿಲ್ಲ.

ಇದರಿಂದ ಏನು ತಿಳಿಯಿತು

ಯಾರ ಮೇಲೂ ತಪ್ಪು ಹೊರಿಸುವುದು ನನ್ನ ಉದ್ದೇಶ ಅಲ್ಲ. ಮೊದಲ ಗ್ಯಾರೇಜಿನವರ ಲೈಟ್ ಸರಿಯಾಗಿತ್ತು. ಎರಡನೆಯವರ ಕಂಪ್ರೆಷನ್ ಅಳತೆಯೂ ಸರಿಯಾಗಿತ್ತು, ನನಗೂ ಕಡಿಮೆಯೇ ಬಂತು. ಅಳತೆ ತಪ್ಪಾಗಿರಲಿಲ್ಲ, ಅದರಿಂದ ಹೊರಟ ತೀರ್ಮಾನ ಆತುರದ್ದಾಗಿತ್ತು. ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿದ್ದರೆ ನಲವತ್ತು ಸಾವಿರದ ಮಾತು ಬರುತ್ತಿರಲಿಲ್ಲ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಸ್ಕ್ರೂ ಮತ್ತು ಸೀಳಿನ ವಿಷಯ. ಇಂಜಿನ್ನಿನಲ್ಲಿ ಹೊಂದಾಣಿಕೆಗೆ ಅಂತ ಕೊಟ್ಟಿರುವ ಜಾಗ ಸಣ್ಣ ಸವೆತಕ್ಕೆ, ಸಣ್ಣ ವ್ಯತ್ಯಾಸಕ್ಕೆ. ಅದು ತುದಿಯವರೆಗೆ ಬೇಕಾಯಿತು ಅಂದರೆ ಬೇರೆಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ. ಆಗ ತಿರುಗಿಸುವ ಕೈ ನಿಲ್ಲಬೇಕು. ಯಾವುದನ್ನೇ ತಿರುಗಿಸುವ ಮುಂಚೆ ಇದ್ದ ಜಾಗಕ್ಕೆ ಒಂದು ಗೀಟು ಹಾಕಿಕೊಳ್ಳಿ. ಮೊಳೆಯಿಂದ ಗೀಚಿದರೂ ಸಾಕು, ಮೊಬೈಲಿನಲ್ಲಿ ಫೋಟೋ ತೆಗೆದರೂ ಸಾಕು. ನಮಗೆ ಇಲ್ಲಿ ಜಿಡ್ಡು ಕಾಪಾಡಿತು. ಗ್ಯಾರೇಜಿನಲ್ಲಿ ಇಂಜಿನ್ ತೊಳೆದು ಕೊಟ್ಟಿದ್ದರೆ ಆ ಗುರುತೂ ಇರುತ್ತಿರಲಿಲ್ಲ.

ಒಂದೇ ದಿನ ನಾಲ್ಕು ಕೆಲಸ ಮಾಡುವ ಆಸೆಯ ಬಗ್ಗೆಯೂ ಹೇಳಬೇಕು. ಸೀಟು ಎತ್ತಿದ್ದೇವೆ, ಇರಲಿ ಇದನ್ನೂ ಮಾಡಿಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ಬೆಲ್ಟ್ ಹಾಕಿ, ಸ್ಟಾರ್ಟ್ ಮಾಡಿ, ಒಂದು ಸುತ್ತು ಓಡಿಸಿ ಬಂದು ಆಮೇಲೆ ಕಾರ್ಬೋರೇಟರ್ ಮುಟ್ಟಿದ್ದರೆ, ತಪ್ಪು ಎಲ್ಲಿ ಬಂತು ಅಂತ ಆ ಮಧ್ಯಾಹ್ನವೇ ಗೊತ್ತಾಗುತ್ತಿತ್ತು.

ಮನೆಯಲ್ಲಿ ರಿಪೇರಿ ಮಾಡಬೇಡಿ ಅಂತ ನಾನು ಯಜಮಾನರಿಗೆ ಹೇಳಲಿಲ್ಲ. ಹುಡುಗನಿಗಂತೂ ಹೇಳಲೇ ಇಲ್ಲ. ಅವತ್ತು ಹೊರಡುವ ಮುಂಚೆ ಒಂದು ಮಾರ್ಕರ್ ಪೆನ್ ತರಿಸಿ, ಡ್ರೈವರ್ ಸೀಟಿನ ಅಡಿಭಾಗದಲ್ಲಿ ಅವನ ಕೈಯಿಂದಲೇ ಬರೆಸಿದೆ. ತಾರೀಖು, ಕಿಲೋಮೀಟರ್, 150-150-145, ವ್ಯಾಕ್ಯೂಮ್ 17.

ದೀಪಾವಳಿ ಕಳೆದ ಮೇಲೆ ಎರಡು ಮಲ್ಲಿಗೆ ಗಿಡ ತರಲು ನರ್ಸರಿಗೆ ಹೋಗಿದ್ದೆ. ವ್ಯಾನ್ ಅಂಗಳದಲ್ಲಿತ್ತು, ಸೀಟು ಎತ್ತಿತ್ತು. ಆ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿತ್ತು. ಹೊಸ ತಾರೀಖು, ಹೊಸ ಕಿಲೋಮೀಟರ್, 150-145-145, ವ್ಯಾಕ್ಯೂಮ್ 17. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಪ್ಲಗ್ ಮಾತ್ರ ಬದಲಿಸಿದ್ದು. ಬೇರೆ ಏನೂ ಮುಟ್ಟಿಲ್ಲ."